ಮೂರನೇ ಕೂಗು

ನಡಿ, ನಡಿ... ಇಲ್ಲಿ ನಿಲ್ಲಬೇಡ ಅಫ್ರಾ. ಆ ಗಾಫ್ ಮರ ದಾಟಲಿ, ಆಮೇಲೆ ಹೇಳುತ್ತೇನೆ. ಫೋನನ್ನು ಚೀಲದೊಳಗಿಡು. ಅದರ ಬೆಳಕಿಗೆ ಮರದ ಕೆಳಗೆ ಮಲಗಿರುವ ಒಂಟೆ ಎದ್ದು ನಿಂತರೆ ಕಿರುಚಿಕೊಳ್ಳುವವಳು ನೀನೇ.

ಹಾಂ. ಈಗ ಸರಿ.

ಸಂಜೆ ಸಫಾರಿಗೆ ಬುಕ್ ಮಾಡಲೋ ಬೇಡವೋ ಅಂತ ಮದುವೆಮನೆಯಲ್ಲಿ ಊಟದ ತಟ್ಟೆ ಮುಂದಿಟ್ಟುಕೊಂಡೇ ಎಷ್ಟು ಸಲ ಕೇಳಿದೆ! ನಿನ್ನ ತವರಿನವರು ಕಡಲ ಕಡೆಯವರು, ಮರಳುಗಾಡು ಕಂಡವರಲ್ಲ, ಮಕ್ಕಳಿಗೆ ಆಸೆ... ಎಲ್ಲ ಒಪ್ಪಿದೆ. ಬೇರೆ ಎಲ್ಲಿಗಾದರೂ ಮಾಡು, ನಾನೂ ಬಂದು ಹಿಂದಿನ ಸೀಟಿನಲ್ಲಿ ಕೂತು ವಾಂತಿ ಮಾಡಿಕೊಳ್ಳುತ್ತೇನೆ. ನೀನು ತೋರಿಸಿದ ಆ ಶಿಬಿರಕ್ಕೆ ಮಾತ್ರ ಬೇಡ. ಚಿತ್ರದಲ್ಲಿ ಒಂದು ಬಾವಿ ಇದೆಯಲ್ಲ, ಮೇಲೆ ಮರದ ರಾಟೆ, ಸುತ್ತ ಬಣ್ಣದ ದೀಪ... ಅದು ನಮ್ಮ ಬಾವಿ.

ಮದುವೆಯಾಗಿ ಬಂದ ಹೊಸದರಲ್ಲಿ ನೀನು ಮುನಿಸಿಕೊಂಡಿದ್ದು ನೆನಪಿದೆಯಾ? ಕತ್ತಲಾದ ಮೇಲೆ ಅಂಗಳದಿಂದ ನನ್ನನ್ನು ಕರೆದೆ, ನಾನು ಓಗೊಡಲಿಲ್ಲ. ನಿನ್ನ ಗಂಡನನ್ನು ಕರೆದೆ, ಅವನೂ ಸುಮ್ಮನಿದ್ದ. 'ಈ ಮನೆಯಲ್ಲಿ ನನಗೆ ಬೆಲೆಯೇ ಇಲ್ಲ' ಅಂತ ಮೂಗು ಕೆಂಪಗೆ ಮಾಡಿಕೊಂಡು ಕೂತೆ. ಬೆಲೆ ಇಲ್ಲದ್ದಲ್ಲ ಹುಡುಗಿ, ನಮ್ಮ ಮನೆತನದ ಪದ್ಧತಿ ಅದು. ಹೊತ್ತು ಮುಳುಗಿ ಮಗ್ರಿಬ್ ನಮಾಜಿನ ಬಾಂಗು ಆದ ಮೇಲೆ ಹೊರಗಿನಿಂದ ಯಾರು ಕರೆದರೂ ಮೂರನೇ ಕೂಗಿಗೇ ಓಗೊಡಬೇಕು. ಮನುಷ್ಯರು ಮೂರು ಸಲ ಕರೆಯುತ್ತಾರೆ. ಅವುಗಳಿಗೆ ಎರಡೇ ಸಲ ಬಾಯಿ.

ಆ ದಿನ ಮನೆಯಲ್ಲಿ ಒಬ್ಬ ಮಾತ್ರ ಮೊದಲ ಕೂಗಿಗೇ 'ಬಂದೆ' ಅಂದ. ನನ್ನ ಚಿಕ್ಕಪ್ಪನ ಮಗ ಗಾನಿಮ್. 'ಅವನೊಬ್ಬನೇ ಮರ್ಯಾದಸ್ಥ' ಅಂತ ನೀನು ಹೊಗಳಿದೆ. ನನಗೆ ಮೈ ಜುಮ್ಮೆಂದಿತ್ತು.

ಯಾಕೆ ಅಂತ ಕೇಳು.

ಸಲಾಮಾ ಅಜ್ಜಿ, ನಮ್ಮಪ್ಪನ ತಾಯಿ, ನೀನು ನೋಡಿಲ್ಲ. ಹಲ್ಲಿರಲಿಲ್ಲ, ನಾಲಿಗೆ ಇತ್ತು. ಏಳು ವರ್ಷದ ಹಿಂದೆ ಚಳಿಗಾಲದ ಒಂದು ಸಂಜೆ ನನ್ನನ್ನೂ ಗಾನಿಮನನ್ನೂ ಪಕ್ಕಕ್ಕೆ ಕೂರಿಸಿಕೊಂಡು, ಎಪ್ಪತ್ತು ವರ್ಷ ಯಾರಿಗೂ ಹೇಳದ್ದನ್ನು ಹೇಳಿದಳು. ಜೋರಾಗಿ ಅಲ್ಲ... ಗಾಳಿಗೂ ಕೇಳಿಸದ ಹಾಗೆ.

"ನಂಗಾಗ ಹತ್ತು. ಅಣ್ಣ ಮತರ್‌ಗೆ ಹದಿನೇಳು. ಅಪ್ಪ ಇದ್ದಲು ಮಾರೋಕೆ ಪೇಟೆಗೆ ಹೋಗಿದ್ದ. ಗುಡಿಸಲಲ್ಲಿ ಅಮ್ಮ, ನಾನು. ಹೊತ್ತು ಮುಳುಗ್ದಾಗ ಅಣ್ಣ ಬಾವಿಗೆ ಹೋದ. ರಾಟೆ ಸದ್ದು ಕೇಳಿಸ್ತಿತ್ತು. ಕಿರ್ರ್... ಕಿರ್ರ್... ಆಮೇಲೆ ಪಟ್ ಅಂತು. ಆಮೇಲೆ ಏನೂ ಇಲ್ಲ."

ಅಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಆಮೇಲೆ ಕೂಗ್ದ. ಓ ಸಲಾಮಾ... ಅಂತ. ಮಡಕೆಯೊಳಗಿಂದ ಬಂದ ಹಾಗಿತ್ತು. ನಾನು ಎದ್ದೆ. ಅಮ್ಮ ನನ್ನ ಬಾಯಿ ಮುಚ್ಚಿದ್ಲು. ಮೂರನೇದು ಬರ್ಲಿ ಅಂದ್ಲು. ಎರಡನೇದು ಬಂತು, ಸಣ್ಣಗೆ. ಕಾದ್ವಿ... ಬೆಳಗಿನ ತನಕ ಕಾದ್ವಿ. ಮೂರನೇದು ಬರ್ಲೇ ಇಲ್ಲ."

ಬೆಳಕಾದ ಮೇಲೆ ಹೋಗಿ ನೋಡಿದರೆ ಮತರ್ ಬಾವಿಯ ತಳದಲ್ಲಿದ್ದ. ಕಾಲು ಮುರಿದಿತ್ತು. ನೀರು ಎದೆಮಟ್ಟಕ್ಕಿಂತ ಹೆಚ್ಚಿರಲಿಲ್ಲ. ಹರಿದ ಹಗ್ಗದ ತುದಿ ಮುಷ್ಟಿಗೆ ಸುತ್ತಿಕೊಂಡೇ ಇತ್ತು. ಕೂಗಿದಾಗ ಹೋಗಿದ್ದರೆ ಎಳೆದುಕೊಳ್ಳಬಹುದಿತ್ತು. ಕೂಗು ಕೇಳಿಸಿತ್ತು ಅಂತ ಅಪ್ಪನಿಗೆ ಹೇಳಕೂಡದು ಅಂತ ತಾಯಿ ಮಗಳಿಂದ ಆಣೆ ಹಾಕಿಸಿಕೊಂಡಳು. ಸಾಯುವ ತನಕ ಆ ತಾಯಿ, ಮಗಳ ಬಾಯಿ ಮುಚ್ಚಿದ ಬಲಗೈಗೆ ಗೋರಂಟಿ ಹಚ್ಚಲಿಲ್ಲ. ಹಬ್ಬಕ್ಕೂ ಇಲ್ಲ, ಮಗಳ ಮದುವೆಗೂ ಇಲ್ಲ.

"ನನ್ನನ್ನ ಅಲ್ಲಿಗೊಂದು ಸಲ ಕರ್ಕೊಂಡು ಹೋಗಿ," ಅಂದಳು ಅಜ್ಜಿ. "ಅದೇ ಹೊತ್ತಿಗೆ. ಇನ್ನು ಅವನು ಮೂರನೇದು ಕೂಗೋದು ಬೇಡ. ಬಂದೆ ಅಂತ ನಾನು ಒಂದು ಮಾತು ಅನ್ಬೇಕು. ಅಷ್ಟೇ."

ಎಂಥ ದೊಡ್ಡ ಆಸೆ ಹೇಳು! ಗಾನಿಮ್ ಮರುದಿನವೇ ಅವಳನ್ನು ಪಿಕಪ್ಪಿನಲ್ಲಿ ಕೂರಿಸಿಕೊಂಡು ಹೊರಟ. ಬಾವಿಯ ಸುತ್ತ ತಂತಿ ಬೇಲಿ. ಯಾವನೋ ಆ ಜಾಗವನ್ನು ಗುತ್ತಿಗೆಗೆ ಹಿಡಿದು ಸಫಾರಿ ಶಿಬಿರ ಮಾಡಿದ್ದ. ಗೇಟಿನ ಕಾವಲುಗಾರ ಬಿಡಲಿಲ್ಲ. "ಟೂರ್ ಗಾಡೀಲಿ ಬಂದೋರಿಗೆ ಮಾತ್ರ ಸಾಹೇಬ್ರೇ. ಬುಕ್ ಮಾಡ್ಕೊಂಡು ಬನ್ನಿ."

"ನಮ್ಮಪ್ಪ ಅಗೆದ ಬಾವಿಗೆ ನಂಗೆ ಟಿಕೆಟ್ಟಾ?" ಅಂತ ಅಜ್ಜಿ ನಕ್ಕಳಂತೆ. ನಗು ನಿಂತ ಮೇಲೆ, "ಸರಿ, ತಗೋ ಮಗಾ," ಅಂದಳಂತೆ.

ಗಾನಿಮ್ ಸಫಾರಿಯವರ ಆಫೀಸಿಗೆ ಫೋನ್ ಮಾಡಿದ. ನಾನು ಪಕ್ಕದಲ್ಲೇ ಇದ್ದೆ.

"ಯಾವ ಹೋಟೆಲಿಂದ ಹತ್ತಿಸ್ಕೋಬೇಕು?" ಅಂದಳು ಆ ಕಡೆಯ ಹುಡುಗಿ.

"ಮನೆಯಿಂದ."

"ಯಾವ ದೇಶದೋರು?"

"ಇಲ್ಲಿಯೋರೇ."

"ಇಲ್ಲಿಯೋರು ಯಾಕೆ ಸಫಾರಿಗೆ ಬರ್ತೀರಿ?"

ಅವನು ಫೋನಿಟ್ಟುಬಿಟ್ಟ. ಕಿವಿ ಕೆಂಪಾಗಿತ್ತು. ಊರಿನವರಿಗೆ ಗೊತ್ತಾದರೆ ಸಾಯುವ ತನಕ ಆಡಿಕೊಳ್ಳುತ್ತಾರೆ, ನಿಜ. ಆದರೆ ಅವನನ್ನು ಕಾಡಿದ್ದು ನಾಚಿಕೆ ಅಲ್ಲ. ಮೂರು ದಿನ ಫೋನಿನಲ್ಲಿ ಎರಡು ಸೀಟು ತುಂಬಿಸುವುದು, ಅಳಿಸುವುದು... ತುಂಬಿಸುವುದು, ಅಳಿಸುವುದು.

"ಮೌಜಾ, ಬುಕ್ ಮಾಡ್ಲಾ, ಬೇಡ್ವಾ?" ಅಂದ ಕೊನೆಗೆ. "ಅಲ್ಲಿ ಕೂಗೋದು ಅಜ್ಜಿಯ ಅಣ್ಣನೇ ಅಂತ ಏನು ಗ್ಯಾರಂಟಿ? ಮೂರನೇದಕ್ಕೆ ಮುಂಚೆ ಓಗೊಟ್ಟೋರು ಅದರ ಹಿಂದೆ ಹೋಗ್ತಾರೆ ಅಂತಾರೆ."

"ಎಪ್ಪತ್ತು ವರ್ಷದ ಮೇಲೆ ಯಾರು ಕೂಗ್ತಾರೋ? ಆ ಬಾವಿ ಬತ್ತಿ ನಲವತ್ತು ವರ್ಷ ಆಯ್ತು, ಮೇಲೆ ಕಾಂಕ್ರೀಟ್ ಹಾಕಿದ್ದಾರೆ," ಅಂದೆ. "ಅಜ್ಜಿ ಹೋಗಿ ನಿಂತು ಅತ್ತು ಬರ್ತಾಳೆ. ಕೊಡಿಲ್ಲಿ."

ಕೊಟ್ಟ. ಗುಂಡಿ ಒತ್ತಿದವಳು ನಾನು. ಈ ಬೆರಳು. ನೋಡಿಕೋ.

ಮುಂದಿನದು ಗಾನಿಮ್ ಹೇಳಿದ್ದು. ಒಂದು ಅಕ್ಷರ ನಾನು ಸೇರಿಸಿಲ್ಲ.

ಗುರುವಾರ ಮಧ್ಯಾಹ್ನ ಗಾಡಿ ಬಂತು. ಡ್ರೈವರ್ ಪಠಾಣರವನು, ಶೇರ್ ವಲಿ ಅಂತ. ಅಜ್ಜಿಯನ್ನು ನೋಡಿ ಗಾಬರಿಯಾದ. "ಅಮ್ಮಾ, ದಿಬ್ಬ ಹತ್ತಿ ಇಳಿಯುವಾಗ ಸೊಂಟ ಹೋಗುತ್ತೆ" ಅಂದ. "ನಿನ್ನ ಸೊಂಟ ನೋಡ್ಕೋ" ಅಂತ ಅಜ್ಜಿ ಮುಂದಿನ ಸೀಟಿಗೆ ಹತ್ತಿದಳು. ಮರಳು ಶುರುವಾಗುವಲ್ಲಿ ಅವನು ಇಳಿದು, ಹೂತುಕೊಳ್ಳದಿರಲಿ ಅಂತ ಚಕ್ರದ ಗಾಳಿ ಸ್ವಲ್ಪ ಬಿಟ್ಟ. ಸುಸ್ಸ್... ಸುಸ್ಸ್... ನಾಲ್ಕು ಸಲ. ಆಮೇಲೆ ದಾರಿಯುದ್ದಕ್ಕೂ ಅಜ್ಜಿಯದೇ ಯಜಮಾನಿಕೆ. ಎಡಕ್ಕೆ ತಗೋ, ಅಲ್ಲಿ ಹೂತುಹೋಗ್ತೀಯ, ಆ ದಿಬ್ಬದ ಬೆನ್ನು ಹಿಡಿ. ಅವಳು ಹೇಳಿದಂತೆ ಅವನು ಓಡಿಸಿದ. ಹಿಂದೆ ಕೂತಿದ್ದ ಪರದೇಶದ ಗಂಡಹೆಂಡತಿ ಅಜ್ಜಿಯನ್ನೂ ಕಂಪನಿಯವಳೇ ಅಂದುಕೊಂಡು ಅವಳ ಫೋಟೋ ತೆಗೆದರಂತೆ.

ಶಿಬಿರದಲ್ಲಿ ಡೋಲು, ಕುಣಿತ, ಒಂಟೆ ಸವಾರಿ. ಫ್ಲಾಸ್ಕಿನಿಂದ ಬಗ್ಗಿಸಿದ ಕಾಫಿ ಕುಡಿದು ಅಜ್ಜಿ, "ಪಾತ್ರೆ ತೊಳೆದ ನೀರು ಇದಕ್ಕಿಂತ ವಾಸಿ" ಅಂದಳು. ಬಾಂಗು ಆಯಿತು, ಡೋಲು ನಿಂತಿತು. ಇಬ್ಬರೂ ನಮಾಜು ಮುಗಿಸಿ ಡೇರೆಗಳ ಹಿಂದೆ ನಡೆದರು. ನಲವತ್ತು ಹೆಜ್ಜೆ. ಅಲ್ಲಿ ಬಾವಿ.

ಬಾಯಿಗೆ ಕಾಂಕ್ರೀಟಿನ ಹಲಗೆ. ನಡುವೆ ಒಂದು ಚಿಕ್ಕ ತೂತು, ಅಂಗೈ ಇಳಿಯುವಷ್ಟು. ಮೇಲೆ ಚಂದಕ್ಕೆ ನಿಲ್ಲಿಸಿದ ರಾಟೆ. ಗಾನಿಮ್ ಕೈಯಿಂದ ತಿರುಗಿಸಿ ನೋಡಿದ, ಅಲುಗಲಿಲ್ಲ. ಮೊಳೆ ಹೊಡೆದಿದ್ದರು. ಅವನಿಗೆ ಧೈರ್ಯ ಬಂತು. ಅಜ್ಜಿ ಹಲಗೆಯ ಅಂಚಿನಲ್ಲಿ ಕೂತಳು, ಮಗು ಮಲಗಿದ್ದಾಗ ತೊಟ್ಟಿಲ ಹತ್ತಿರ ಕೂರುವ ಹಾಗೆ. ಅವನು ಹಿಂದೆ ನಿಂತ.

ಅಷ್ಟರಲ್ಲಿ ದೀಪ ಹೋಯಿತು.

ಹೆದರಬೇಡ, ಅದು ಶಿಬಿರದವರದೇ ಪದ್ಧತಿ. ಬಂದವರು ನಕ್ಷತ್ರ ನೋಡಲಿ ಅಂತ ಐದು ನಿಮಿಷ ಎಲ್ಲ ಆರಿಸುತ್ತಾರೆ. ಜನರೇಟರ್ ಕೂಡ ನಿಂತಿತು. ಡೇರೆಗಳ ಕಡೆ ಯಾವುದೋ ಮಗು ನಕ್ಕಿತು. ಆಮೇಲೆ ನಿಶ್ಶಬ್ದ... ಮರಳು ಜಾರುವುದು ಕೇಳಿಸುವಷ್ಟು.

ಕಿರ್ರ್...

ಗಾನಿಮ್ ರಾಟೆಯ ಮೇಲೆ ಕೈಯಿಟ್ಟ. ಅದು ತಿರುಗುತ್ತಿರಲಿಲ್ಲ. ಸದ್ದು ಮಾತ್ರ ಬರುತ್ತಿತ್ತು.

ಕಿರ್ರ್... ಕಿರ್ರ್... ಪಟ್.

"ಓ ಸಲಾಮಾ..."

ಹುಡುಗನ ದನಿ. ಮಡಕೆಯೊಳಗಿನಿಂದ ಬಂದ ಹಾಗೆ. ಗಾನಿಮನಿಗೂ ಕೇಳಿಸಿತು, ಮೂಳೆಯೊಳಗೆ ಕೇಳಿಸಿತು ಅನ್ನುತ್ತಾನೆ. ಅಜ್ಜಿ ಉಸಿರೆಳೆದುಕೊಂಡಳು, ಬಾಯಿ ತೆರೆದಳು...

ಅವನು ಹಿಂದಿನಿಂದ ಬಾಗಿ ಅವಳ ಬಾಯಿ ಮುಚ್ಚಿದ.

ಯೋಚಿಸಿ ಮಾಡಿದ್ದಲ್ಲ. ಚಿಕ್ಕಂದಿನಿಂದ ಕಲಿತದ್ದು, ಕೈ ತಾನಾಗಿ ಹೋಯಿತು. "ಮೂರನೇದು ಬರ್ಲಿ ಅಜ್ಜಿ..." ಅಂತ ಕಿವಿಯಲ್ಲಿ ಪಿಸುಗುಟ್ಟಿದ. "ಮೂರನೇದು ಬರ್ಲಿ."

"ಓ ಸಲಾಮಾ..."

ಈ ಸಲ ಸಣ್ಣಗೆ. ಅಜ್ಜಿ ತಲೆ ಕೊಡವಿದಳು. ಎಂಬತ್ತರ ಮುದುಕಿ, ಅವನ ಬೆರಳು ಕಚ್ಚಲು ಹಲ್ಲಿರಲಿಲ್ಲ. ಅವನು ಬಿಡಲಿಲ್ಲ. ಅವಳು ಹೋಗಿಬಿಡುತ್ತಾಳೆ ಅನ್ನುವ ಭಯ ಅವನಿಗೆ. ಅವನ ಕೈ ಮೇಲೆ ಬಿಸಿ ಕಣ್ಣೀರು ಇಳಿಯಿತು. ಕಾದರು... ಕಾದರು...

ದೀಪ ಹತ್ತಿತು. ಡೇರೆಗಳ ಕಡೆ ಜನ ಚಪ್ಪಾಳೆ ತಟ್ಟಿದರು. ಮೂರನೇದು ಬರಲಿಲ್ಲ.

ವಾಪಸು ಬರುವಾಗ ಅಜ್ಜಿ ಡ್ರೈವರನಿಗೆ ಒಂದು ದಾರಿಯನ್ನೂ ಹೇಳಲಿಲ್ಲ. ಬಲಗೈಯನ್ನು ಬುರ್ಖಾದೊಳಗೆ ಇಟ್ಟುಕೊಂಡು ಕೂತಿದ್ದಳು. ಮನೆ ಹತ್ತಿರ ಬಂದಾಗ ಇಷ್ಟೇ ಅಂದಳಂತೆ, "ನಿನ್ ತಪ್ಪಲ್ಲ ಮಗಾ. ನಮ್ಮಮ್ಮಂದೂ ಅಲ್ಲ." ನಾನು ಬಾಗಿಲು ತೆಗೆದೆ, ಹಾಸಿಗೆ ಹಾಸಿದೆ. ಹಾಲು ಕೊಟ್ಟೆ. ಎಡಗೈಯಲ್ಲಿ ಲೋಟ ಹಿಡಿದಳು. ಬಿಸ್ಮಿಲ್ಲಾ ಅನ್ನದೆ ಗುಟುಕು ನೀರೂ ಕುಡಿಯದ, ಎಡಗೈಯಲ್ಲಿ ಉಂಡರೆ ನಮಗೆ ಏಟು ಕೊಡುತ್ತಿದ್ದ ಅಜ್ಜಿ. ಆಗಲೇ ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಬೆಳಗಿನ ನಮಾಜಿಗೆ ಅವಳು ಏಳಲಿಲ್ಲ.

ಮಣ್ಣಿಗಿಡುವ ಮುಂಚೆ ಮೈ ತೊಳೆಯುವಾಗ ನಾನೂ ಇದ್ದೆ, ದೊಡ್ಡತ್ತೆಯೂ ಇದ್ದಳು, ಕೇಳು ಬೇಕಾದರೆ. ಬಲಗೈ ಮುಷ್ಟಿ ಬಿಗಿದಿತ್ತು. ಬೆಚ್ಚನೆ ನೀರು ಹಾಕಿ ಹಾಕಿ ಒಂದೊಂದೇ ಬೆರಳು ಬಿಡಿಸಿದೆ. ಒಳಗೆ ಗೇಣುದ್ದ ಹಗ್ಗ. ಖರ್ಜೂರದ ನಾರಿನದು, ಈಗ ಯಾರೂ ಹೊಸೆಯುವುದಿಲ್ಲ, ಆ ಶಿಬಿರದಲ್ಲಿರುವುದೆಲ್ಲ ಪ್ಲಾಸ್ಟಿಕ್ಕಿನದು. ಒಂದು ತುದಿ ಹರಿದಿತ್ತು. ಒದ್ದೆಯಾಗಿತ್ತು. ನಾನು ಹಾಕಿದ ನೀರು ಬೆಚ್ಚಗಿತ್ತು ಅಫ್ರಾ... ಹಗ್ಗದ ನೀರು ತಣ್ಣಗಿತ್ತು.

ಗಾನಿಮನಿಗೆ ತೋರಿಸಿದೆ. ಅವನು ಗೋಡೆಗೆ ಒರಗಿ ಕೂತುಬಿಟ್ಟ.

"ನಾನು ಬಾಯಿ ಮಾತ್ರ ಮುಚ್ಚಿದ್ದೆ ಮೌಜಾ," ಅಂದ. "ಅವಳ ಕೈ ಎಲ್ಲಿತ್ತು ಅಂತ ನೋಡ್ಲೇ ಇಲ್ಲ."

ಅವಳ ಮಾತು ಅವಳಿಗೆ ದಕ್ಕಲಿಲ್ಲ, ನಮ್ಮಿಂದ. ಮಾತಿನ ಬದಲು ಆ ತೂತಿನೊಳಗೆ ಕೈ ಚಾಚಿದಳು. ಅದನ್ನು ಹಿಡಿದದ್ದು ಅಣ್ಣನ ಕೈಯೋ ಮತ್ತೊಂದರದೋ, ಅಲ್ಲಾಹನೇ ಬಲ್ಲ. ಒಂದು ಮಾತು ಅನ್ನಲಿ ಅಂತ ಕಳಿಸಿದವಳು ನಾನು, ಆ ಒಂದು ಮಾತನ್ನೂ ಆಡಲು ಬಿಡದವನು ಅವನು. ಇದು ನಮ್ಮಿಬ್ಬರಿಗೂ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. ಅಂದಿನಿಂದ ಗಾನಿಮ್ ಯಾರು ಕರೆದರೂ ಮೊದಲ ಕೂಗಿಗೇ 'ಬಂದೆ' ಅನ್ನುತ್ತಾನೆ. ಹೊತ್ತು ಮುಳುಗುವಾಗ ಕೆಲವೊಮ್ಮೆ ಯಾರೂ ಕರೆಯದಿದ್ದರೂ ಅನ್ನುತ್ತಾನೆ. ಆಗ ನಾನು ಹೋಗಿ ಅವನ ತೋಳು ಹಿಡಿದುಕೊಂಡು ನಿಲ್ಲುತ್ತೇನೆ.

ಮನೆ ಬಂತು. ಚಪ್ಪಲಿ ಇಲ್ಲೇ ಬಿಡು, ಸದ್ದು ಮಾಡಬೇಡ.

ನಂಬಿಕೆ ಬರುತ್ತಿಲ್ಲ ಅಲ್ಲವಾ? ಮುಖ ನೋಡಿದರೇ ಗೊತ್ತಾಗುತ್ತದೆ. ಬಾ ಅಡುಗೆಮನೆಗೆ. ಮೇಲಿನ ಹಲಗೆಯಲ್ಲಿ ಖರ್ಜೂರದ ತಗಡಿನ ಡಬ್ಬಿ ಇದೆ, ಇಳಿಸು. ಮುಚ್ಚಳ ಬಿಗಿ, ಕೊಡು, ನಾನು ತೆಗೆಯುತ್ತೇನೆ. ಏಳು ಬೇಸಿಗೆ ಬಿಸಿಲಿಗೆ ಹಾಕಿದ್ದೇನೆ ಈ ಹಗ್ಗವನ್ನು, ನಮ್ಮ ಈ ಮಾಳಿಗೆಯ ಮೇಲೆ, ನನ್ನ ಕೈಯಾರೆ.

ಮುಟ್ಟಿ ನೋಡು. ಇನ್ನೂ ಒಣಗಿಲ್ಲ.