ಬೀಗ ಹಾಕಿದ ಮಹಡಿಗೆ ಬಂದ ನರ್ಸಮ್ಮ

ಮೊದಲು ಆ ಟೀವಿ ಆರಿಸಿ. ಇದು ಅವರಿವರ ಬಾಯಿಂದ ಬಂದ ಮಾತಲ್ಲ, ನಮ್ಮ ದೊಡ್ಡಮ್ಮನ ಮಗಳಿಗೇ ಆಗಿದ್ದು. ಅಕ್ಕನಿಗೆ ಸುಳ್ಳು ಹೇಳೋಕೆ ಬರಲ್ಲ. ಹೇಳೋಕೆ ಹೋದರೆ ಕಿವಿ ಕೆಂಪಾಗಿ ತಾನೇ ಸಿಕ್ಕಿಬೀಳ್ತಾಳೆ.

ಅವತ್ತು ಅಕ್ಕ ಕೆಲಸ ಮುಗಿಸಿಕೊಂಡು ಒಬ್ಬಳೇ ಬರ್ತಿದ್ದಳು. ಪರದೇಶ. ಸರಿರಾತ್ರಿ. ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯೋ ಕಟ್ಟಡದಲ್ಲಿ ಅವಳಿಗೆ ಕೆಲಸ. ರೋಗಿಗಳ ಚಾದರ, ಡಾಕ್ಟರುಗಳ ಅಂಗಿ, ಎಲ್ಲ ಯಂತ್ರದಲ್ಲಿ ಕುದ್ದು ಬಂದ ಮೇಲೆ ಇಸ್ತ್ರಿಗೆ ಕೊಡೋದು. ಕಟ್ಟಡದ ಹಿಂದೆ ಒಂದು ಕಾಲುದಾರಿ. ದಾರಿ ಪಕ್ಕ ಹಳೇ ಬಾವಿ, ಬಾಯಿಗೆ ಕಬ್ಬಿಣದ ಜಾಲರಿ ಹೊದಿಸಿದ್ದು. ಅದನ್ನ ದಾಟಿದರೆ ಕೆಲಸದ ಹೆಂಗಸರ ಹಾಸ್ಟೆಲ್ಲು.

ಎಲ್ಲಿಂದಲೋ ನೀರು ತೊಟ್ಟಿಕ್ಕಿ ಜಾಲರಿ ಮೇಲೆ ಬೀಳ್ತಿತ್ತು. ಟಿಣ್... ಟಿಣ್...

ಬಾವಿಕಟ್ಟೆ ಮೇಲೆ ಯಾರೋ ಕೂತಿದ್ದರು.

ಅಕ್ಕ ಹೆಜ್ಜೆ ನಿಲ್ಲಿಸಿದಳು. ಆಮೇಲೆ ನೋಡಿದರೆ... ಅಯ್ಯೋ, ನಮ್ಮ ಪೀಂಪೀಂ ನರ್ಸಮ್ಮ!

ಆ ವರ್ಷ ಅಲ್ಲಿ ಒಂದು ಕೆಟ್ಟ ಜ್ವರ ಹಬ್ಬಿತ್ತು. ದಿನಾ ಬೆಳಿಗ್ಗೆ ಹಾಸ್ಟೆಲ್ಲಿಗೆ ಬಂದು ಒಬ್ಬೊಬ್ಬರ ಹಣೆಗೂ ಆ ಪಿಸ್ತೂಲಿನಂಥ ಯಂತ್ರ ಹಿಡಿದು ಜ್ವರ ನೋಡ್ತಿದ್ದ ಹುಡುಗಿ ಅವಳು. ಹಿಡಿದರೆ ಪೀಂ ಅನ್ನೋದು, ಅದಕ್ಕೇ ಆ ಹೆಸರು. ಅವಳೂ ಇವರ ಹಾಗೇ ಇನ್ಯಾವುದೋ ದೇಶದಿಂದ ದುಡಿಯೋಕೆ ಬಂದವಳು. ಆ ಮಹಡಿಯ ನಮ್ಮ ಕಡೆ ಹೆಂಗಸರ ಜೊತೆ ಒಡನಾಡಿ ನಾಲ್ಕು ಮಾತು ಕನ್ನಡ ಕಲಿತಿದ್ದಳು. ಅದರಲ್ಲಿ ಎರಡು ಕಿತಾಪತಿ. ಅಕ್ಕನ ಕೋಣೆಯ ಗೆಳತಿ ಗುಬ್ಬಿ ಹೇಳಿಕೊಟ್ಟಿದ್ದನ್ನ ನಂಬಿ ಸೂಪರ್‌ವೈಸರಿಗೆ ದಿನಾ, "ನಮಸ್ಕಾರ ಅಳಿಯಂದ್ರೇ" ಅನ್ನೋಳು. ಅವನು ಪಾಪ ತಲೆ ಅಲ್ಲಾಡಿಸೋನು.

"ಏನಮ್ಮಾ, ಇಷ್ಟೊತ್ತಲ್ಲಿ?" ಅಂದಳು ಅಕ್ಕ.

ಹುಡುಗಿ ನಗಲಿಲ್ಲ. ಎದ್ದು ಹತ್ತಿರ ಬಂದಳು. ಕೈಯಲ್ಲಿ ಯಂತ್ರ ಇರಲಿಲ್ಲ. ಬರೀ ಅಂಗೈಯನ್ನ ಅಕ್ಕನ ಹಣೆ ಮೇಲಿಟ್ಟಳು. ಫ್ರಿಜ್ಜಿನಿಂದ ಆಗ ತಾನೇ ತೆಗೆದ ಹಾಗಿತ್ತಂತೆ ಆ ಕೈ.

"ನಿಂಗೆ ಇಲ್ಲ..." ಅಂದಳು ಮೆಲ್ಲಗೆ.

"ಮತ್ತ್ಯಾರಿಗೆ?"

ಹುಡುಗಿ ಹಾಸ್ಟೆಲ್ಲಿನ ಮೂರನೇ ಮಹಡಿ ಕಡೆ ನೋಡಿದಳು. "ಬೇಗ ಹೋಗು."

ಅಕ್ಕ ಹೋದಳು. ಗೇಟಿನ ಹತ್ತಿರ ತಿರುಗಿ ನೋಡಿದರೆ ಕಟ್ಟೆ ಖಾಲಿ. ಡ್ಯೂಟಿಗೆ ಹೋಗಿರಬೇಕು ಅಂದುಕೊಂಡಳು.

ಕೋಣೆಯಲ್ಲಿ ಗುಬ್ಬಿ ಮುಸುಕು ಹೊದ್ದು ಮಲಗಿದ್ದಳು. ಹೆಸರಿಗೆ ತಕ್ಕ ಹಾಗೆ ಚಿಲಿಪಿಲಿ ಅನ್ನೋ ಹೆಂಗಸು, ಅವತ್ತು ಮಾತ್ರ "ತಲೆನೋವು ಕಣೆ, ಲೈಟ್ ಆರಿಸು" ಅಂದಳು, ಅಷ್ಟೇ. ಅಕ್ಕನಿಗೆ ಇನ್ನೇನು ನಿದ್ದೆ ಹತ್ತಬೇಕು, ಆಗ ಕೆಳಗಿಂದ ಒಂದು ಸದ್ದು. ಝಣ ಝಣ ಅಂತ ಸರಪಳಿ ಎಳೆದದ್ದು. ಆಮೇಲೆ... ಕಟಕ್.

ಬೆಳಿಗ್ಗೆ ನೋಡಿದರೆ ಕೆಳಗಿನ ಹೆಬ್ಬಾಗಿಲಿಗೆ ಹೊರಗಿಂದ ಬೀಗ.

ಸೂಪರ್‌ವೈಸರ್ ಅಂಗಳದಲ್ಲಿ ನಿಂತು ಮೈಕಿನಲ್ಲಿ ಕೂಗಿದ. ಎಲ್ಲರ ಆರೋಗ್ಯದ ಸಲುವಾಗಿ ಹಾಸ್ಟೆಲ್ಲು ಮುಚ್ಚಿದೆ, ಹೇಳೋ ತನಕ ಯಾರೂ ಹೊರಗೆ ಕಾಲಿಡೋ ಹಾಗಿಲ್ಲ, ಬೀಗ ಮುಟ್ಟಿದವರನ್ನ ಉಟ್ಟ ಬಟ್ಟೆಯಲ್ಲೇ ಅವರವರ ದೇಶಕ್ಕೆ ಕಳಿಸ್ತೀವಿ. ಯಾಕೆ ಅಂದರೆ, ನಿಮ್ಮನ್ನ ದಿನಾ ನೋಡ್ತಿದ್ದ ನರ್ಸು ಜ್ವರದಿಂದ ತೀರಿಕೊಂಡಿದ್ದಾಳೆ. ನಿನ್ನೆ ಮಧ್ಯಾಹ್ನ.

ನಿನ್ನೆ ಮಧ್ಯಾಹ್ನ...

ಮಹಡಿಗೆಲ್ಲ ಹಿರಿಯರಾದ ದೊಡ್ಡಕ್ಕ ಅನ್ನೋರೊಬ್ಬರಿದ್ದರು, ಅಕ್ಕ ಅವರ ಕಿವಿಯಲ್ಲಿ ಬಾವಿಕಟ್ಟೆ ಸಂಗತಿ ಹೇಳಿದಳು. ದೊಡ್ಡಕ್ಕ ಅವಳ ಕೈ ಹಿಸುಕಿ, "ಬಾಯಿಗೂ ಬೀಗ ಹಾಕ್ಕೊ ಮಗಾ. ಮೊದಲೇ ಎಲ್ಲರ ಜೀವ ಕೈಯಲ್ಲಿದೆ" ಅಂದರು.

ಅಲ್ಲಿಂದ ಶುರುವಾಯ್ತು ನೋಡಿ ಸೆರೆವಾಸ. ಕಿಟಕಿಗೆ ಕಬ್ಬಿಣದ ಕಂಬಿ. ಊಟದ ಪೊಟ್ಟಣ ಹಗ್ಗ ಕಟ್ಟಿ ಮೇಲಕ್ಕೆ ಎಳಕೊಳ್ಳೋದು. ಒಂದು ಕೋಣೆಗೆ ಆರು ಜನ, ಒಬ್ಬಳ ಉಸಿರು ಇನ್ನೊಬ್ಬಳ ಮುಖಕ್ಕೆ. ರೋಗ ಹರಡಬಾರದು ಅಂತ ಬೀಗ ಹಾಕಿದ್ದು, ಹರಡೋದಕ್ಕೆ ಅದಕ್ಕಿಂತ ಒಳ್ಳೇ ಜಾಗ ಬೇಕಾ? ದೊಡ್ಡಮ್ಮ ಇಲ್ಲಿಂದ ಫೋನ್ ಮಾಡಿ, "ಹೇಗಿದ್ದೀಯೇ?" ಅಂದರೆ ಅಕ್ಕ ಆ ಕಂಬಿ ನೋಡಿಕೊಂಡೇ, "ಆರಾಮಾಗಿದ್ದೀನಮ್ಮಾ, ರಜೆ ಕೊಟ್ಟಿದ್ದಾರೆ" ಅನ್ನೋಳು. ಅವಳ ಕಿವಿ ಫೋನಿನಲ್ಲಿ ಕಾಣಲ್ಲವಲ್ಲ.

ಹಗಲು ಹೇಗೋ ಕಳೀತಿತ್ತು. ರಾತ್ರಿ...

ರಾತ್ರಿ ಎಲ್ಲರೂ ಮಲಗಿದ ಮೇಲೆ ಪಡಸಾಲೆಯಲ್ಲಿ ಹೆಜ್ಜೆ ಸದ್ದು. ರಬ್ಬರ್ ಚಪ್ಪಲಿ ಒದ್ದೆ ನೆಲಕ್ಕೆ ಅಂಟಿ ಬಿಡೋ ಸದ್ದು. ಪಚ್... ಪಚ್... ಮೊದಲ ಕೋಣೆ ಬಾಗಿಲಲ್ಲಿ ನಿಲ್ಲೋದು. ಪೀಂ. ಮತ್ತೆ ಪಚ್... ಪಚ್... ಎರಡನೇ ಕೋಣೆ. ಪೀಂ. ಹೀಗೇ ಬಂದು ಅಕ್ಕನ ಕೋಣೆ ಬಾಗಿಲಲ್ಲಿ ನಿಂತಿತು.

ಪೀಂ ಅನ್ನಲಿಲ್ಲ.

ಸುಮ್ಮನೆ ನಿಂತೇ ಇತ್ತು. ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಕಾಲಿನ ನೆರಳು. ಅಕ್ಕ ಹೊದಿಕೆ ಕಚ್ಚಿ ಹಿಡಿದಳು. ಮಿಕ್ಕ ನಾಲ್ವರಿಗೆ ಗಾಢ ನಿದ್ದೆ. ಆಗ ಪಕ್ಕದ ಮಂಚದಿಂದ ಗುಬ್ಬಿ ಅಳೋದು ಕೇಳಿಸ್ತು.

"ನನ್ನ ಸಲುವಾಗಿ ಬಂದಿದ್ದಾಳೆ ಕಣೆ..."

"ಶ್! ಯಾರು?"

"ಅವಳೇ. ಬೀಗ ಬೀಳೋಕೆ ಮುಂಚೆ ಅವಳು ನೋಡಿದಾಗಲೇ ನನಗೆ ಜ್ವರ ಇತ್ತು. ಯಂತ್ರ ಕೂಗಿಕೊಳ್ತು. ನಾನು ಅವಳ ಕಾಲು ಹಿಡಿದೆ. ಇಬ್ಬರು ಹೆಣ್ಣುಮಕ್ಕಳನ್ನ ಬಿಟ್ಟು ಬಂದಿದ್ದೀನಿ, ಜ್ವರದವರ ವ್ಯಾನಿಗೆ ಹತ್ತಿಸಬೇಡ, ಕಳಿಸಿಬಿಡ್ತಾರೆ ಅಂದೆ. ಅವಳು ನನ್ನ ಮುಖ ನೋಡಿದಳು... ಆಮೇಲೆ ಜ್ವರ ಇಲ್ಲ ಅಂತ ಹೇಳಿ ಹೋದಳು."

ಅಕ್ಕ ಕತ್ತಲಲ್ಲೇ ಕೈ ಚಾಚಿ ಗುಬ್ಬಿಯ ಹಣೆ ಮುಟ್ಟಿದಳು. ಕಾದ ಇಸ್ತ್ರಿಪೆಟ್ಟಿಗೆ.

ಮಾರನೇ ದಿನ ಗುಬ್ಬಿಗೆ ಎದ್ದು ಕೂರೋಕೂ ಆಗಲಿಲ್ಲ. ಸಂಜೆ ಹೊತ್ತಿಗೆ ಉಸಿರು ಎಳೆದರೆ ಎದೆ ಒಳಗೆ ಗೊರ್... ಗೊರ್... ತುಟಿ ನೀಲಿಗಟ್ಟಿತು. ಅಕ್ಕ ಕಿಟಕಿಯಿಂದ ವಾಚ್‌ಮನ್ನನ್ನ ಕೂಗಿದಳು. ಅವನು ತಲೆ ಎತ್ತಲಿಲ್ಲ. "ಆರ್ಡರ್ ಇಲ್ಲಮ್ಮಾ. ಬೆಳಿಗ್ಗೆ ಹೇಳ್ತೀನಿ" ಅಂದ. ಕೊಟ್ಟಿದ್ದ ನಂಬರಿಗೆಲ್ಲ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಕೆಳಗಿಳಿದು ಬೀಗದ ಬಾಗಿಲು ದಬದಬ ಬಡಿದಳು. ಆಗ ಓಡಿ ಬಂದವರು ಯಾರು ಗೊತ್ತಾ? ಹೊರಗಿನವರಲ್ಲ. ಒಳಗಿನವರೇ.

"ಏನೇ ಇದು, ಎಲ್ಲರ ಅನ್ನಕ್ಕೂ ಕಲ್ಲು ಹಾಕ್ತೀಯಾ?" ಅಂದರು ದೊಡ್ಡಕ್ಕ. ಹಿಂದೆ ಏಳೆಂಟು ಜನ. "ಇಲ್ಲಿ ಜ್ವರ ಇದೆ ಅಂತ ಗೊತ್ತಾದರೆ ಇಡೀ ಮಹಡಿಯನ್ನೇ ಗುಡಿಸಿ ಕಳಿಸ್ತಾರೆ. ನಮಗೂ ಮನೆ ಮಠ ಇಲ್ವಾ?"

"ಅವಳು ಸಾಯ್ತಾಳೆ ದೊಡ್ಡಕ್ಕಾ."

ದೊಡ್ಡಕ್ಕ ಬೇರೆ ಕಡೆ ನೋಡಿದರು. "ಒಂದು ರಾತ್ರಿ ತಡಕೊ" ಅಂದರು. ಕೆಟ್ಟ ಹೆಂಗಸಲ್ಲ, ಎಲ್ಲರ ಬಟ್ಟೆ ಹರಿದರೂ ಹೊಲಿದು ಕೊಡೋರು. ಆದರೆ ಅತ್ತ ದರಿ ಇತ್ತ ಪುಲಿ ಅಂದರೆ ಮನುಷ್ಯರು ಏನು ಮಾಡ್ತಾರೆ?

ಆ ರಾತ್ರಿ ಹೆಜ್ಜೆ ಸದ್ದು ಬೇಗನೇ ಬಂತು. ಬೇರೆ ಯಾವ ಬಾಗಿಲಲ್ಲೂ ನಿಲ್ಲಲಿಲ್ಲ. ಪಚ್ ಪಚ್ ಪಚ್ ಅಂತ ನೇರ ಇವರ ಬಾಗಿಲಿಗೇ. ಚಿಲಕ ಒಳಗಿಂದ ಹಾಕಿದ್ದು, ತಾನಾಗೇ ಕಿರ್ರ್ ಅಂತ ಸರಿಯಿತು. ಬಾಗಿಲು ತೆರೆದುಕೊಂಡಿತು. ಹೊರಗೆ ಯಾರೂ ಇಲ್ಲ. ಬರೀ ಪಡಸಾಲೆ... ಅದರ ಆ ತುದಿಯಲ್ಲಿ ಬೆಂಕಿ ಬಿದ್ದರೆ ಒಡೆಯೋ ಕೆಂಪು ಪೆಟ್ಟಿಗೆ, ಪುಟ್ಟ ದೀಪ ಉರೀತಿತ್ತು.

ಇಷ್ಟು ದಿನ ಕಣ್ಣೆದುರಿಗೇ ಇತ್ತು. ಯಾರಿಗೂ ಹೊಳೆದಿರಲಿಲ್ಲ.

ಅಕ್ಕ ಸ್ಟೀಲ್ ಲೋಟ ಎತ್ತಿಕೊಂಡು ಓಡಿದಳು. ಊರಿಗೆ ಕಳಿಸಿದರೆ ಕಳಿಸಲಿ, ಹಾಳಾಗಿ ಹೋಗಲಿ! ಒಂದೇ ಏಟು. ಗಾಜು ಛಳಾರ್ ಅಂತು. ಅಷ್ಟೇ... ಊಂ... ಊಂ... ಅಂತ ಇಡೀ ಕಟ್ಟಡ ಬಾಯಿ ಬಡಕೊಳ್ಳೋಕೆ ಶುರು ಮಾಡ್ತು. ದೀಪ ಎಲ್ಲ ಆರಿಹೋಯ್ತು. ಕೆಳಗೆ ವಾಚ್‌ಮನ್ ಸರಪಳಿ ಬಿಚ್ಚೋ ಸದ್ದು ಕೇಳಿಸ್ತು. ಜ್ವರಕ್ಕಾದರೆ ಆರ್ಡರ್ ಬೇಕು, ಬೆಂಕಿಗೆ ಬೇಡವಲ್ಲ! ಜನ ಸತ್ತರೆ ಜೈಲಿಗೆ ಹೋಗೋನು ಅವನೇ.

ಹೆಂಗಸರೆಲ್ಲ ಕಿರುಚಿಕೊಂಡು ಓಡಿದರು. ಅಕ್ಕ ಕೋಣೆಗೆ ಬಂದು ಗುಬ್ಬಿಯನ್ನ ಚಾದರದ ಸಮೇತ ನೆಲಕ್ಕಿಳಿಸಿದಳು. ಕಾಲ ಕಡೆಯ ಎರಡು ಮೂಲೆ ಸೇರಿಸಿ ಗಂಟು ಹಾಕಿ ಹೆಗಲಿಗೆ ಹಾಕ್ಕೊಂಡಳು. ಒಬ್ಬಳಿಂದ ಆಗೋ ಕೆಲಸವಾ ಅದು?

"ದೊಡ್ಡಕ್ಕಾ! ತಲೆ ಕಡೆ ಹಿಡೀರಿ!" ಅಂತ ಪಡಸಾಲೆ ಕಡೆ ಕೂಗಿದಳು.

ಹಿಂದೆ ಚಾದರ ಮೇಲೆದ್ದಿತು. ಸದ್ಯ, ದೊಡ್ಡಕ್ಕ ಬಂದರು. ಅಕ್ಕ ತಿರುಗಿ ನೋಡಲಿಲ್ಲ. ಕತ್ತಲಲ್ಲಿ ಮೆಟ್ಟಿಲು ತಡವರಿಸಿಕೊಂಡು ಇಳಿದಳು. ಮೂರು ಮಹಡಿ. ಎಲ್ಲೂ ಚಾದರ ಜಗ್ಗಲಿಲ್ಲ, ಓಲಾಡಲಿಲ್ಲ. ಈ ವಯಸ್ಸಿನಲ್ಲೂ ದೊಡ್ಡಕ್ಕನ ಕೈ ಎಷ್ಟು ಗಟ್ಟಿ ಅಂದುಕೊಂಡಳು. ಬಾಗಿಲಲ್ಲಿ ವಾಚ್‌ಮನ್ ಟಾರ್ಚ್ ಹಾಕಿದ. ಅಕ್ಕನ ಮೇಲೆ, ಗುಬ್ಬಿ ಮೇಲೆ, ಆಮೇಲೆ ಅದರ ಹಿಂದೆ... ಟಾರ್ಚ್ ಅವನ ಕೈಯಿಂದ ಬಿದ್ದು ಉರುಳಿಹೋಯ್ತು. ಅವನು ಗೋಡೆಗೆ ಅಂಟಿ ದಾರಿ ಬಿಟ್ಟ. ಅಷ್ಟರಲ್ಲಿ ಬೆಂಕಿ ಆರಿಸೋರ ಗಾಡಿ, ಅದರ ಹಿಂದೆ ಆಂಬುಲೆನ್ಸು.

ಗುಬ್ಬಿ ಬದುಕಿದಳು. ಇನ್ನೊಂದು ಗಂಟೆ ತಡವಾಗಿದ್ದರೆ ಆಸೆ ಇರಲಿಲ್ಲ ಅಂದರಂತೆ ಡಾಕ್ಟರು. ಅಕ್ಕನನ್ನ ಬೇರೆ ಕೋಣೆಯಲ್ಲಿ ಒಂಟಿಯಾಗಿಟ್ಟು, ಆಮೇಲೆ ಹೇಳಿದ ಹಾಗೇ ಉಟ್ಟ ಬಟ್ಟೆಯಲ್ಲಿ ವಿಮಾನ ಹತ್ತಿಸಿದರು. ಹೊರಡೋ ಹಿಂದಿನ ದಿನ ದೊಡ್ಡಕ್ಕನ ಫೋನ್ ಬಂತು. ಅಳ್ತಿದ್ದರು.

"ತಪ್ಪಾಯ್ತು ಮಗಾ. ನೀನು ಕರೆದದ್ದು ಕೇಳಿಸ್ತು. ನನಗೆ ಭಯ... ಬರೋಕಾಗಲಿಲ್ಲ. ಎಲ್ಲರ ಜೊತೆ ಕೆಳಗಿಳಿದುಬಿಟ್ಟೆ."

"ನೀವು ಬರಲಿಲ್ವಾ?"

"ಇಲ್ಲ ಕಣೇ..."

ಮಿಕ್ಕವರನ್ನೂ ಒಬ್ಬೊಬ್ಬರನ್ನೇ ಕೇಳಿದಳು ಅಕ್ಕ. ಯಾರೂ ಚಾದರ ಮುಟ್ಟಿರಲಿಲ್ಲ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನನಗೇನೂ ನಷ್ಟ ಇಲ್ಲ. ಗುಬ್ಬಿ ವಾಸಿಯಾಗಿ ಊರಿಗೆ ಬಂದ ಮೇಲೆ ಹೆಣ್ಣುಮಕ್ಕಳ ಜೊತೆ ನಮ್ಮ ಮನೆಗೂ ಬಂದಿದ್ದಳು. ಅಕ್ಕ ಒಳಗಿದ್ದಾಗ ನಾನೇ ಅವಳನ್ನ ಬೇರೆಯಾಗಿ ಕೇಳಿದೆ. ಅವಳಿಗೆ ಮುಖ ಕಂಡಿರಲಿಲ್ಲವಂತೆ. ಮೆಟ್ಟಿಲಿಳಿಯೋವಾಗ ಯಾರೋ ಕಿವಿ ಹತ್ತಿರ ಮೆಲ್ಲಗೆ ಹಾಡ್ತಿದ್ದರಂತೆ, ಮಗುವನ್ನ ಮಲಗಿಸೋ ಹಾಗೆ. ಆ ಸಾಲು ಅವಳಿಗೆ ಬಾಯಿಪಾಠ ಆಗಿದೆ. ನಮ್ಮ ಜಗಲಿ ಮೇಲೆ ಕೂತು ಹಾಡಿ ತೋರಿಸಿದಳು, ಈ ಎರಡು ಕಿವಿಯಿಂದ ಕೇಳಿದ್ದೀನಿ. ಯಾವ ಭಾಷೆ, ಏನರ್ಥ... ಅವಳಿಗೂ ಗೊತ್ತಿಲ್ಲ.