ಇಳಿದೆ ಅಂದವನು

ನಂಬದಿದ್ದರೆ ಓಬಳಪ್ಪನನ್ನೇ ಕೇಳಿ. ನಮ್ಮ ಪಕ್ಕದ ಮನೆ ಗಂಗಕ್ಕನ ತಮ್ಮ, ಅವಳ ಮನೆಯಲ್ಲೇ ಇದ್ದುಕೊಂಡು ಕರೆಂಟ್ ಲೈನಿನ ಕೆಲಸಕ್ಕೆ ಹೋಗುತ್ತಿದ್ದ.

ಹಿಂದೂಪುರ ಆಗ ಎರ್ರಾಬಿರ್ರಿ ಬೆಳೆಯುತ್ತಿತ್ತು. ಹುಣಸೆ ಮಂಡಿ, ಎಣ್ಣೆ ಮಿಲ್ಲು, ಹೊಸ ಹೊಸ ಬೀದಿ. ಹಳೇ ಸಣ್ಣ ತಂತಿ ಅಷ್ಟನ್ನೆಲ್ಲ ಎಲ್ಲಿ ತಡೆದೀತು? ಊರಿಗೆಲ್ಲ ಕರೆಂಟ್ ನಿಲ್ಲಿಸಿ ದಪ್ಪ ತಂತಿ ಎಳೆಯುತ್ತಿದ್ದರು. ಆವತ್ತು ಲೇಪಾಕ್ಷಿ ರಸ್ತೆಯ ಹಾಳುಬಾವಿ ಪಕ್ಕದ ಕಂಬದ ಮೇಲೇ ಓಬಳಪ್ಪನಿಗೆ ಕತ್ತಲಾಯಿತು. ಉಳಿದವರು ಮನೆಗೆ ಹೊರಟುಹೋದರು.

ಸ್ವಿಚ್ ಹಾಕುವವನು ಚೌಡಣ್ಣ. ಹಾಕುವ ಮುಂಚೆ ದಾರಿಯಲ್ಲಿ ನಿಂತು ಕೂಗುತ್ತಾನೆ. "ಇಳಿದೆ" ಅಂದರೆ ಹೋಗಿ ಕರೆಂಟ್ ಬಿಡುತ್ತಾನೆ. ಅದೇ ಕಾಯಿದೆ.

ಓಬಳಪ್ಪ ಕೊನೇ ಗಂಟು ಬಿಗಿದು, ಬೀಳದ ಹಾಗೆ ಕಂಬಕ್ಕೆ ಸುತ್ತಿ ಕಟ್ಟಿಕೊಂಡಿದ್ದ ಸೊಂಟದ ಬೆಲ್ಟಿಗೆ ಕೈ ಹಾಕಿದ. ಕೊಂಡಿ ಬಿಚ್ಚಿಕೊಳ್ಳಲಿಲ್ಲ. ಎಳೆದ. ಜಗ್ಗಿದ. ಉಗುರು ಕಿತ್ತು ಬಂತು... ಕೊಂಡಿ ಅಲ್ಲಾಡಲಿಲ್ಲ.

ಆಗ ಕತ್ತಲಲ್ಲಿ ಕೂಗು.

"ಓಬಳಪ್ಪಾ... ಇಳಿದ್ಯೇನ್ಲಾ?"

ತೆರೆದ ಬಾಯಿಯನ್ನು ಗಪ್ಪನೆ ಮುಚ್ಚಿಕೊಂಡ. ರಾತ್ರಿ ಹೊತ್ತು ಯಾರು ಹೆಸರು ಹಿಡಿದು ಕೂಗಿದರೂ ಮೂರನೇ ಸಲಕ್ಕೇ ಓಗೊಡಬೇಕು, ದೆವ್ವ ಮೂರನೇ ಸಲ ಕೂಗುವುದಿಲ್ಲ ಅಂತ ಅವ್ವ ಹೇಳಿಕೊಟ್ಟಿದ್ದಳು. ಪಕ್ಕದಲ್ಲಿ ಬಾವಿ ಬೇರೆ. ಹಾಳು ಬುದ್ಧಿ ಅಲ್ಲೇ ಕೆಟ್ಟಿತು. ಕಾದ.

"ಓಬಳಪ್ಪಾ..."

ಎರಡು.

ಮೂರನೆಯದು ಬರಲಿಲ್ಲ. ಅಷ್ಟರಲ್ಲೇ ಬಾವಿಯೊಳಗಿಂದ ದನಿ ಎದ್ದಿತು. ಓಬಳಪ್ಪನದೇ ದನಿ.

"ಇಳಿದ್ಬುಟ್ಟೆ ಕಣಣ್ಣಾ. ಕರೆಂಟ್ ಬುಡು."

"ಅಣ್ಣಾ, ಅದು ನಾನಲ್ಲ! ಇನ್ನೂ ಮೇಲೇ ಇವ್ನಿ!" ಅಂತ ಕಿರುಚಹೋದ. ತುಟಿ ಅಲ್ಲಾಡಿತು. ದನಿ ಹೊರಡಲಿಲ್ಲ... ಅದು ಆಗಲೇ ಕೆಳಗಿತ್ತಲ್ಲ.

ಚೌಡಣ್ಣನ ಚಪ್ಪಲಿ ಸದ್ದು ಚರ್... ಚರ್... ಅನ್ನುತ್ತ ದೂರವಾಯಿತು. ಓಬಳಪ್ಪ ಹಲ್ಲಿನಿಂದ ಬೆಲ್ಟನ್ನು ಕಚ್ಚಿದ. ಕೊಂಡಿಯನ್ನು ಕಂಬಕ್ಕೆ ಟಣ್ ಟಣ್ ಬಡಿದ. ಅತ್ತ. ಕೇಳುವವರು ಯಾರೂ ಇರಲಿಲ್ಲ.

ಖಟ್.

ಗುಂಯ್... ಅಂತು ತಂತಿ, ಅದನ್ನು ಹಿಡಿದಿದ್ದ ಅವನ ಅಂಗೈಯಲ್ಲೇ. ಸತ್ತೆ ಅಂದುಕೊಂಡು ಕಣ್ಣು ಮುಚ್ಚಿದ. ತೆರೆದಾಗ ಹಿಂದೂಪುರದ ಬೀದಿ ದೀಪಗಳೆಲ್ಲ ಹೊತ್ತಿಕೊಂಡಿದ್ದವು. ಅವನಿಗೆ ಏನೂ ಆಗಿರಲಿಲ್ಲ. ಬೆಳಗಾಗುವವರೆಗೂ ಹಾಗೇ, ಕಟ್ಟಿಹಾಕಿದ ಹಾಗೆ, ಆ ದೀಪಗಳನ್ನೇ ನೋಡುತ್ತಿದ್ದ.

ಬೆಳಗ್ಗೆ ಕರೆಂಟ್ ನಿಲ್ಲಿಸಿ, ಬೆಲ್ಟ್ ಕೊಯ್ದು ಇಳಿಸಿದರು. ನಾಲ್ಕು ಜನ ಹಿಡಿದುಕೊಂಡು ಮನೆಗೆ ತಂದಾಗ ಗಂಗಕ್ಕನ ಕೈಯಿಂದ ಕಸಬರಿಕೆ ಬಿತ್ತು.

"ಇದೇನ್ಲಾ, ರಾತ್ರಿನೇ ಬಂದು ಮುದ್ದೆ ಉಂಡು ಮಲಿಕ್ಕೊಂಡ್ಯಲ್ಲಾ?"

ಒಳಗೆ ಹೋಗಿ ನೋಡಿದರೆ ಚಾಪೆ ಖಾಲಿ. ಒಲೆ ಪಕ್ಕದಲ್ಲಿ ಅವನ ತಟ್ಟೆ, ಚೆನ್ನಾಗಿ ತೊಳೆದು ಬೋರಲು ಹಾಕಿತ್ತು. ಓಬಳಪ್ಪ ಹುಟ್ಟಿದಾಗಿನಿಂದ ಒಂದು ದಿನವೂ ತಟ್ಟೆ ತೊಳೆದವನಲ್ಲ. ನಮ್ಮ ಬೀದಿಯವರೆಲ್ಲ ಆ ತಟ್ಟೆ ನೋಡಿದ್ದಾರೆ.