ಮಾವನ ಆಶ್ರಮಕ್ಕೆ ಅಳಿಯನ ತಪಾಸಣೆ

ಒಂದೂರಲ್ಲಿ ಒಬ್ಬ ಸರ್ಕಾರಿ ಅಧಿಕಾರಿ ಇದ್ದ. ದಿನಾ ಈ ಶಾಮಿಯಾನದಡಿ ಕೂತು ಶ್ರೀಮಂತರ ಕಥೆ ಕೇಳಿ ಕೇಳಿ ನಿಮಗೂ ಬೇಜಾರಾಗಿದೆ. ಆದರೂ ಇವತ್ತಿನ ಕಥೆಯಲ್ಲೂ ಒಬ್ಬ ಶ್ರೀಮಂತರಿದ್ದಾರೆ, ಈ ಅಧಿಕಾರಿಯ ಮಾವ. ಮಾವ ಒಂದು ವೃದ್ಧಾಶ್ರಮ ನಡೆಸುತ್ತಿದ್ದರು, ಅದಕ್ಕೆ ಸರ್ಕಾರದ ಅನುದಾನವೂ ಬರುತ್ತಿತ್ತು. ಆ ಊರಿನ ವೃದ್ಧಾಶ್ರಮಗಳನ್ನು ತಪಾಸಣೆ ಮಾಡುವ ಕೆಲಸ ಯಾರದು? ನಗಬೇಡಿ, ಅಳಿಯನದೇ.

ನೋಡಿ, ಅವನು ಕೆಟ್ಟವನಲ್ಲ. ಲಂಚ ಮುಟ್ಟಿದವನಲ್ಲ. ಯಾರಾದರೂ ಲಕೋಟೆ ಚಾಚಿದರೆ ಹೌಹಾರಿ ಎದ್ದು ನಿಲ್ಲುತ್ತಿದ್ದ. ಅದೇ ಅವನ ಜಂಬ. ‘ಮಾವನ ಆಶ್ರಮವಾದರೇನು, ತಪ್ಪು ಕಂಡರೆ ಬರೆದೇ ಬರೆಯುತ್ತೇನೆ’ ಅಂದುಕೊಂಡಿದ್ದ. ಬರೆಯುತ್ತಿದ್ದನೋ ಏನೋ. ಆದರೆ ಕಾಣಬೇಕಲ್ಲ?

ತಪಾಸಣೆಯ ದಿನ ಜೀಪು ನಿಲ್ಲುವುದೇ ತಡ, ಮಾವ ಬಾಗಿಲಿಗೆ ಬರುತ್ತಿದ್ದರು. ಕಾಲಿಗೆ ನೀರು, ಕೂರಲು ಮಣೆ, ಬಾಳೆಲೆ, ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ. ಮಾವ ಬಡಿಸಿದ ಊಟಕ್ಕೆ ಉಪ್ಪು ಹೆಚ್ಚಾಗಿದೆ ಅಂತಲೂ ಅಳಿಯ ಹೇಳುವ ಹಾಗಿಲ್ಲ. ಇನ್ನು ಹಿಂದಿನ ಕೋಣೆ ತೋರಿಸಿ ಅನ್ನುತ್ತಾನೆಯೇ? ಉಂಡ, ಎಲೆಯಡಿಕೆ ಹಾಕಿಕೊಂಡ, ಎಲ್ಲ ಸರಿಯಾಗಿದೆ ಅಂತ ಸಹಿ ಹಾಕಿದ. ವರ್ಷಗಟ್ಟಲೆ ಹೀಗೇ ನಡೆಯಿತು.

ಒಮ್ಮೆ ಕೈ ತೊಳೆಯಲು ಹಿತ್ತಿಲಿಗೆ ಹೋದವನಿಗೆ ಒಂದು ಕೋಣೆಯಿಂದ ನರಳಾಟ ಕೇಳಿಸಿತು. ಇಣುಕಿದ. ಹಾಸಿಗೆ ಹಿಡಿದ ಒಬ್ಬ ಅಜ್ಜಿ. ಮಗ್ಗುಲು ಹೊರಳಿಸುವವರಿಲ್ಲದೆ ಬೆನ್ನೆಲ್ಲ ಹುಣ್ಣು. ಅಜ್ಜಿ ಇವನ ಗುರುತು ಹಿಡಿದಳು.

“ಅಳಿಯಂದ್ರಲ್ವಾ? ಊಟ ಆಯ್ತಾ?”

“ಆಯ್ತಮ್ಮ.”

“ಒಂದು ಮಾತು ಕೇಳ್ಲಾ? ಸರ್ಕಾರದೋರು ಯಾರೋ ನೋಡೋಕೆ ಬರ್ತಾರಂತಲ್ಲ, ಅವ್ರು ಯಾವತ್ತು ಬರ್ತಾರಪ್ಪ? ಬೆನ್ನು ತೋರಿಸ್ಬೇಕಿತ್ತು. ಕಾಯ್ತಾನೇ ಇದೀನಿ.”

ಅಜ್ಜಿ ಕಾಯುತ್ತಿದ್ದ ಸರ್ಕಾರದವನು ಇವನೇ. ನಾಚಿಕೆಯಿಂದ ಸತ್ತೇ ಹೋದ ಪುಣ್ಯಾತ್ಮ.

ಅಂದೇ ವೈದ್ಯರನ್ನು ಕರೆಸಿದ. ಮಾರನೆಯ ದಿನ ಮೇಲಧಿಕಾರಿಯ ಮುಂದೆ ನಿಂತ. “ಸಾರ್, ಅದು ನಮ್ಮ ಮಾವಂದು. ಅಲ್ಲಿಗೆ ನನ್ನ ಬಿಟ್ಟು ಬೇರೆ ಯಾರನ್ನಾದ್ರೂ ಕಳಿಸಿ.”

“ಇಷ್ಟು ವರ್ಷ ಯಾಕ್ರೀ ಹೇಳ್ಲಿಲ್ಲ?”

“ಯಾರೂ ಕೇಳ್ಲಿಲ್ಲ ಸಾರ್. ನಾನೂ ನನ್ನ ಕೇಳ್ಕೊಳ್ಳಲಿಲ್ಲ.”

ಬೇರೊಬ್ಬ ಅಧಿಕಾರಿ ಬಂದರು, ಗಟ್ಟಿಗಿತ್ತಿ ಹೆಂಗಸು. ಮಣೆಯ ಕಡೆ ತಿರುಗಿಯೂ ನೋಡದೆ ನೇರ ಹಿಂದಿನ ಕೋಣೆಗೆ ನಡೆದರು. ಅಜ್ಜಿಯ ಆರೈಕೆಗೆ ಜನ ಬಂದರು. ಅಳಿಯನಿಗೆ ಆ ದೀಪಾವಳಿಗೆ ಮಾವನ ಮನೆಯ ಪಂಚೆ ಬರಲಿಲ್ಲ, ಹೆಂಡತಿ ತಿಂಗಳುಗಟ್ಟಲೆ ಮುಖ ಊದಿಸಿಕೊಂಡಿದ್ದಳು. ಅನುಭವಿಸಿದ, ಪಾಪ.

ನೀವು ನಗುತ್ತಿದ್ದೀರಿ. ಈ ಶಾಮಿಯಾನದ ಗುತ್ತಿಗೆಯನ್ನು ಭಾವಮೈದುನನಿಗೆ ಕೊಡಿಸಿದ ನಮ್ಮ ಸಮಿತಿಯ ಅಧ್ಯಕ್ಷರು ಮಾತ್ರ ಯಾಕೋ ನಗುತ್ತಿಲ್ಲ. ಇರಲಿ, ಶಾಮಿಯಾನ ಇನ್ನೂ ಬಿದ್ದಿಲ್ಲ.

ಲಂಚ ತಿನ್ನಬೇಡಿ ಅನ್ನಲು ನಾನು ಇಲ್ಲಿ ಬಂದು ಕೂರಬೇಕಿಲ್ಲ, ಅದು ನಿಮಗೆ ಗೊತ್ತು. ‘ನಮ್ಮವರಾದರೂ ನಾನು ನ್ಯಾಯವಾಗಿಯೇ ನೋಡುತ್ತೇನೆ’ ಅನ್ನುತ್ತೀರಲ್ಲ, ಆ ಜಂಬ ಬಿಡಿ. ನಿಮ್ಮವರ ಆಶ್ರಮವೋ ಆಸ್ಪತ್ರೆಯೋ ಗುತ್ತಿಗೆಯೋ ನಿಮ್ಮ ಮೇಜಿಗೆ ಬಂದ ದಿನ, ಇದು ನಮ್ಮವರದು ಅಂತ ಮೊದಲೇ ಹೇಳಿ ಕುರ್ಚಿ ಬಿಟ್ಟು ಏಳಿ. ಏಳಲು ಸಂಕೋಚವೇ? ಒಳಗಿನ ಕೋಣೆಯಲ್ಲಿ ಏಳಲಾರದವರು ನಿಮ್ಮನ್ನೇ ನಂಬಿ ಮಲಗಿದ್ದಾರೆ.